ವಿಂಡೋ ಎಲ್ಲಿ ಹೋಯ್ತು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿದೆ, ದಾರಿ ತೋರಿಸಿ

ಮೊದಲ ಸಾಲು

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ನಾನು ಬಳಸಿದ್ದು ಫೋನ್ ಮಾತ್ರ. ಎರಡು ತಿಂಗಳ ಹಿಂದೆ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ. ಟೈಪಿಂಗ್ ತೊಂದರೆ ಇಲ್ಲ, ಕೈ ಓಡುತ್ತದೆ. ಸುಸ್ತು ಮಾಡುತ್ತಿರುವುದು ಸ್ಕ್ರೀನ್ ಮೇಲಿನ ವಿಂಡೋಗಳು.

ಕೆಲಸ ಹೀಗಿದೆ. ಹಳೇ ರಿಜಿಸ್ಟರಿನ ಸ್ಕ್ಯಾನ್ ಪುಟ ಒಂದು ವಿಂಡೋದಲ್ಲಿ ಇರುತ್ತದೆ. ಅದನ್ನು ನೋಡಿಕೊಂಡು ಇನ್ನೊಂದು ವಿಂಡೋದಲ್ಲಿರುವ ಎಕ್ಸೆಲ್ ಶೀಟ್ ತುಂಬಬೇಕು. ಜೊತೆಗೆ ಮೇಲ್, ಬ್ರೌಸರ್, ಆಫೀಸಿನ ಚಾಟ್. ಪುಟ ನೋಡಿ ನಾಲ್ಕು ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಅದನ್ನು ಮಿನಿಮೈಜ್ ಮಾಡುತ್ತೇನೆ. ಶೀಟ್ ಬರುತ್ತೆ ಅಂದುಕೊಂಡರೆ ಮೇಲ್ ಎದುರಿಗೆ ನಿಂತಿರುತ್ತದೆ. ಶೀಟ್ ಸಿಗುವಷ್ಟರಲ್ಲಿ ಅಂಕಿ ಮರೆತಿರುತ್ತದೆ. ಮತ್ತೆ ಪುಟಕ್ಕೆ ವಾಪಸ್. ದಿನಕ್ಕೆ ಎಷ್ಟು ಸಲ ಹೀಗಾಗುತ್ತೆ ಅಂತ ಲೆಕ್ಕ ಇಟ್ಟಿಲ್ಲ. ಸಂಜೆಗೆ ತಲೆ ಭಾರ ಆಗಿರುತ್ತದೆ.

ನಿನ್ನೆ ಒಂದು ವಿಂಡೋ ಅಡ್ಡ ಬಂತು ಅಂತ ಇಂಟು ಮಾರ್ಕ್ ಒತ್ತಿಬಿಟ್ಟೆ. ಅದು ಅರ್ಧ ಬರೆದಿದ್ದ ಮೇಲ್ ಆಗಿತ್ತು. ಡ್ರಾಫ್ಟ್‌ನಲ್ಲಿ ಸಿಕ್ಕಿತು, ಆದರೆ ಎದೆ ಧಸಕ್ ಅಂದಿತ್ತು.

ಆಫೀಸಿನಲ್ಲಿ ಇರುವುದು ವಿಂಡೋಸ್ 11. ಶಾರ್ಟ್‌ಕಟ್‌ಗಳ ಉದ್ದದ ಪಟ್ಟಿ ಯಾರೋ ಪ್ರಿಂಟ್ ಕೊಟ್ಟರು. ಓದಿದರೆ ಒಂದೂ ನೆನಪಲ್ಲಿ ಉಳಿಯುತ್ತಿಲ್ಲ. ಮೊದಲಿಂದ ಸರಿಯಾಗಿ ಕಲಿಯಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಹಳೇ ಕೀಬೋರ್ಡ್

ಸ್ವಾಗತ. ಆ ಪ್ರಿಂಟ್ ಸದ್ಯಕ್ಕೆ ಡ್ರಾಯರಿನಲ್ಲಿಡಿ.

ನೀವು ಫೋನಿಂದ ಬಂದವರು ಅಂದಿರಲ್ಲ, ತೊಡಕು ಇರುವುದು ಅಲ್ಲೇ ಅನಿಸುತ್ತದೆ. ಫೋನಿನಲ್ಲಿ ಒಂದು ಆ್ಯಪ್ ತೆರೆದರೆ ಇಡೀ ಸ್ಕ್ರೀನ್ ಅದರದೇ. ‘ಹಿಂದೆ’ ಅನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ. ಡೆಸ್ಕ್‌ಟಾಪಿನಲ್ಲಿ ಹಾಗಲ್ಲ. ಒಂದರ ಮೇಲೆ ಒಂದು ಕೂತಿರುತ್ತವೆ. ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಹೋಯ್ತು ಅಂತಲ್ಲ. ಅದು ಬೇರೆ ವಿಂಡೋದ ಹಿಂದೆ ಇರಬಹುದು. ಮಿನಿಮೈಜ್ ಆಗಿ ಕೆಳಗೆ ಟಾಸ್ಕ್‌ಬಾರಿನಲ್ಲಿ, ಅಂದರೆ ಸ್ಕ್ರೀನಿನ ತಳದ ಪಟ್ಟಿಯಲ್ಲಿ, ಇರಬಹುದು. ಪಕ್ಕದ ಮಾನಿಟರಿಗೆ ಹೋಗಿರಬಹುದು. ಹಿಂದೆ, ಕೆಳಗೆ, ಪಕ್ಕ. ಈ ಮೂರು ಜಾಗ ನೋಡದೆ ‘ಕಳೆದುಹೋಯ್ತು’ ಅಂತ ತೀರ್ಮಾನ ಮಾಡಬೇಡಿ. ಇಂಟು ಮಾರ್ಕ್ ಒತ್ತಿದರೆ ಮಾತ್ರ ನಿಜವಾಗಿ ಮುಚ್ಚಿದ ಹಾಗೆ.

ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಮಾಡಿ. ನೋಟ್‌ಪ್ಯಾಡ್ ತೆರೆದು ‘ಒಂದು’ ಅಂತ ಟೈಪ್ ಮಾಡಿ. ಕ್ಯಾಲ್ಕ್ಯುಲೇಟರ್ ತೆರೆಯಿರಿ. ಈಗ ನೋಟ್‌ಪ್ಯಾಡಿನ ಮೇಲ್ತುದಿಯ ಬಲಗಡೆ ನೋಡಿ, ಮೂರು ಗುರುತು ಇವೆ. ಅಡ್ಡಗೆರೆ ಒತ್ತಿ. ಕೆಳಗೆ ಇಳಿಯಿತು. ಟಾಸ್ಕ್‌ಬಾರಿನಲ್ಲಿ ಅದರ ಚಿತ್ರ ಒತ್ತಿ, ಮೇಲೆ ಬಂತು. ‘ಒಂದು’ ಹಾಗೇ ಇದೆ, ಅಲ್ವಾ? ಈಗ ಚೌಕ ಒತ್ತಿ. ಇಡೀ ಸ್ಕ್ರೀನ್ ತುಂಬಿತು, ಕ್ಯಾಲ್ಕ್ಯುಲೇಟರ್ ಹಿಂದೆ ಹೋಯಿತು. ಒಂದು ಚೌಕ ಇದ್ದ ಜಾಗದಲ್ಲಿ ಈಗ ಒಂದರ ಹಿಂದೆ ಒಂದು ಎರಡು ಚೌಕ ಕಾಣುತ್ತವೆ. ಅದನ್ನು ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ. ಇದನ್ನೇ ಹತ್ತು ಸಲ ಮಾಡಿ. ಸುಮ್ನೆ ಮಾಡಿ, ಕೆಲಸದ ಫೈಲ್ ಬೇಡ. ಕೈಗೆ ಭಯ ಹೋಗಬೇಕು, ಅಷ್ಟೇ.

ಗಾಳಿಪಟ

ಹಳೇ ಕೀಬೋರ್ಡ್ ಹೇಳಿದ್ದು ಸರಿ. ಆದರೆ ನಿಮ್ಮ ಕೆಲಸಕ್ಕೆ ಮಿನಿಮೈಜ್ ಬಟನ್ ಬೇಕಾಗಿಯೇ ಇಲ್ಲ. ಒಂದನ್ನು ಇಳಿಸಿದರೆ ಅದರ ಹಿಂದೆ ಯಾವುದಿತ್ತೋ ಅದು ಕಾಣುತ್ತದೆ. ಅದು ಮೇಲ್ ಆಗಿದ್ದರೆ ಮೇಲ್. ನೀವು ಮಾಡಬೇಕಾದ್ದು ಇಳಿಸುವುದಲ್ಲ, ಬದಲಾಯಿಸುವುದು.

ಆಲ್ಟ್ ಕೀ ಒತ್ತಿ ಹಿಡಿದು ಟ್ಯಾಬ್ ಒಂದು ಸಲ ತಟ್ಟಿ, ಎರಡನ್ನೂ ಬಿಟ್ಟುಬಿಡಿ. ಸ್ವಲ್ಪ ಹೊತ್ತಿನ ಮುಂಚೆ ಬಳಸುತ್ತಿದ್ದ ವಿಂಡೋ ಮುಂದೆ ಬರುತ್ತದೆ. ಇನ್ನೊಮ್ಮೆ ಹಾಗೇ ಮಾಡಿದರೆ ಮೊದಲಿನದಕ್ಕೆ ವಾಪಸ್. ಅಂದರೆ ಪುಟ, ಶೀಟ್, ಪುಟ, ಶೀಟ್. ನಡುವೆ ಮೇಲ್ ಬರುವುದೇ ಇಲ್ಲ. ಯಾಕೆಂದರೆ ಆಲ್ಟ್ + ಟ್ಯಾಬ್ ವಿಂಡೋಗಳನ್ನು ನೀವು ಬಳಸಿದ ಸರದಿಯಲ್ಲಿ ಇಟ್ಟುಕೊಂಡಿರುತ್ತದೆ. ಕೊನೆಗೆ ಬಳಸಿದ್ದು ಮೊದಲು.

ಮೂರನೆಯದು ಬೇಕಾದರೆ ಆಲ್ಟ್ ಬಿಡಬೇಡಿ. ಅದನ್ನು ಹಿಡಿದೇ ಟ್ಯಾಬ್ ತಟ್ಟುತ್ತಾ ಹೋಗಿ. ಚಿಕ್ಕ ಚಿಕ್ಕ ಚಿತ್ರಗಳ ಸಾಲು ಕಾಣುತ್ತದೆ, ಗುರುತಿನ ಚೌಕಟ್ಟು ಒಂದೊಂದೇ ಮುಂದೆ ಹೋಗುತ್ತದೆ. ಬೇಕಾದ್ದರ ಮೇಲೆ ಬಂದಾಗ ಆಲ್ಟ್ ಬಿಡಿ. ದಾಟಿ ಹೋದರೆ ಶಿಫ್ಟ್ ಕೂಡ ಹಿಡಿದು ತಟ್ಟಿ, ಹಿಂದಕ್ಕೆ ಬರುತ್ತದೆ.

ಈ ವಾರ ಇದೊಂದೇ ಸಾಕು.

ಮೊದಲ ಸಾಲು

ಗಾಳಿಪಟ, ಹಳೇ ಕೀಬೋರ್ಡ್, ಇಬ್ಬರಿಗೂ ಧನ್ಯವಾದ. ನೋಟ್‌ಪ್ಯಾಡ್ ಅಭ್ಯಾಸ ಮಾಡಿದೆ. ಆಲ್ಟ್ + ಟ್ಯಾಬ್ ಬೆಳಗ್ಗೆಯಿಂದ ಬಳಸುತ್ತಿದ್ದೇನೆ. ಒಂದು ಸಲ ತಟ್ಟಿ ಬಿಟ್ಟರೆ ಹಿಂದಿನದು ಬರುತ್ತೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾನು ಹಿಡಿದುಕೊಂಡೇ ಇರುತ್ತಿದ್ದೆ, ಸಾಲು ಓಡಿ ಹೋಗುತ್ತಿತ್ತು.

ಎರಡು ತೊಂದರೆ ಉಳಿದಿವೆ. ಒಂದು, ಆ ಸಾಲಿನಲ್ಲಿ ಬ್ರೌಸರಿನ ಟ್ಯಾಬ್‌ಗಳೂ ಬೇರೆ ಬೇರೆ ವಿಂಡೋ ಹಾಗೆ ಕಾಣುತ್ತಿವೆ. ಎರಡು, ಅಂಕಿ ಬಾಯಲ್ಲಿ ಹೇಳಿಕೊಳ್ಳುವುದು ಇನ್ನೂ ತಪ್ಪಿಲ್ಲ. ಎರಡನ್ನೂ ಒಟ್ಟಿಗೆ ನೋಡಲು ಆಗಲ್ವಾ?

ಅರ್ಧ ಪರದೆ

ಆಗುತ್ತೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅದೇ.

ಮೊದಲು ಟ್ಯಾಬ್‌ಗಳ ವಿಷಯ. ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್. ಆಲ್ಟ್ + ಟ್ಯಾಬ್‌ನಲ್ಲಿ ಟ್ಯಾಬ್‌ಗಳನ್ನು ತೋರಿಸಬೇಕಾ ಅಂತ ಕೇಳುವ ಸಾಲು ಅಲ್ಲಿದೆ. ತೋರಿಸಬೇಡ ಅನ್ನುವುದನ್ನು ಆರಿಸಿ.

ಈಗ ಒಟ್ಟಿಗೆ ನೋಡುವುದು. ಸ್ಕ್ಯಾನ್ ಪುಟದ ವಿಂಡೋ ಮುಂದೆ ತನ್ನಿ. ವಿಂಡೋಸ್ ಕೀ ಹಿಡಿದು ಎಡ ಬಾಣ ಒತ್ತಿ. ಅದು ಸ್ಕ್ರೀನಿನ ಎಡಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬಲಭಾಗದಲ್ಲಿ ಉಳಿದ ವಿಂಡೋಗಳ ಚಿಕ್ಕ ಚಿತ್ರಗಳು ಕಾಣುತ್ತವೆ. ಎಕ್ಸೆಲ್ ಮೇಲೆ ಒತ್ತಿ. ಅದು ಬಲಭಾಗ ತುಂಬುತ್ತದೆ. ಮುಗಿಯಿತು. ಮೌಸ್ ಇಷ್ಟ ಅಂದರೆ ವಿಂಡೋದ ಮೇಲ್ಪಟ್ಟಿ ಹಿಡಿದು ಸ್ಕ್ರೀನಿನ ಎಡ ಅಂಚಿಗೆ ತಾಗುವ ತನಕ ಎಳೆದು ಬಿಟ್ಟರೂ ಅದೇ ಆಗುತ್ತದೆ.

ಎರಡರ ನಡುವಿನ ಗೆರೆ ಮೇಲೆ ಮೌಸ್ ಇಡಿ. ಬಾಣದ ಗುರುತು ಎರಡು ಮುಖದ್ದಾಗುತ್ತದೆ. ಆಗ ಹಿಡಿದು ಎಳೆಯಿರಿ. ಒಂದು ಅಗಲ ಆದಷ್ಟೂ ಇನ್ನೊಂದು ತಾನಾಗಿಯೇ ಕಿರಿದಾಗುತ್ತದೆ. ರಿಜಿಸ್ಟರ್ ಪುಟ ಉದ್ದುದ್ದ ಇರುತ್ತದೆ ಅಂತ ನನ್ನ ಊಹೆ. ಅದಕ್ಕೆ ಮೂರನೇ ಒಂದು ಭಾಗ ಕೊಟ್ಟು ಉಳಿದದ್ದು ಶೀಟ್‌ಗೆ ಬಿಟ್ಟರೆ ಕಾಲಂಗಳು ಜಾಸ್ತಿ ಕಾಣುತ್ತವೆ.

ಇನ್ನೊಂದನ್ನು ಹೇಳಲೇಬೇಕು. ಕರ್ಸರ್ ಶೀಟ್‌ನಲ್ಲಿ ಮಿನುಗುತ್ತಿರಲಿ. ಮೌಸ್ ಮಾತ್ರ ಸ್ಕ್ಯಾನ್ ಪುಟದ ಮೇಲೆ ತಂದಿಡಿ. ಕ್ಲಿಕ್ ಮಾಡಬೇಡಿ. ಚಕ್ರ ತಿರುಗಿಸಿ. ಪುಟ ಮೇಲೆ ಕೆಳಗೆ ಸರಿಯುತ್ತದೆ, ಆದರೆ ನೀವು ಟೈಪ್ ಮಾಡುವುದು ಶೀಟ್‌ಗೇ ಹೋಗುತ್ತದೆ. ವಿಂಡೋಸ್ 10ರಿಂದ ಈ ಅನುಕೂಲ ಇದೆ. ಬಲಗೈ ಮೌಸ್ ಚಕ್ರದ ಮೇಲೆ, ಎಡಗೈ ಕೀಬೋರ್ಡ್ ಮೇಲೆ. ವಿಂಡೋ ಬದಲಾಯಿಸುವ ಪ್ರಶ್ನೆಯೇ ಬರುವುದಿಲ್ಲ. ನಾನು ದಿನವಿಡೀ ಎರಡು ಕರಡುಗಳನ್ನು ಹೋಲಿಸಿ ನೋಡುವ ಕೆಲಸ ಮಾಡುತ್ತೇನೆ. ಇದು ಗೊತ್ತಾದ ಮೇಲೆ ನನ್ನ ಕೆಲಸದ ಲಯವೇ ಬದಲಾಯಿತು.

ಒಂದೇ ಕಿಟಕಿ

ನನ್ನದು ಬೇರೆ ಅಭಿಪ್ರಾಯ. ಅರ್ಧ ಅರ್ಧ ಮಾಡುವುದು ದೊಡ್ಡ ಮಾನಿಟರ್ ಇದ್ದವರಿಗೆ ಚೆನ್ನ. ನನ್ನ ಲ್ಯಾಪ್‌ಟಾಪಿನ ಸ್ಕ್ರೀನ್ 1366 × 768 ಪಿಕ್ಸೆಲ್‌ನದು. ಅರ್ಧ ಅಂದರೆ 683 ಪಿಕ್ಸೆಲ್. ಅಷ್ಟರಲ್ಲಿ ವೆಬ್ ಪುಟ ಹಿಂಡಿದ ಹಾಗಾಗುತ್ತದೆ, ಶೀಟ್‌ನಲ್ಲಿ ಆರೇಳು ಕಾಲಂ ಕಂಡರೆ ಹೆಚ್ಚು. ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡಬೇಕಾಗುತ್ತದೆ.

ನಾನು ಎಲ್ಲವನ್ನೂ ಮ್ಯಾಕ್ಸಿಮೈಜ್ ಮಾಡಿಯೇ ಇಡುತ್ತೇನೆ. ಕಣ್ಣೆದುರು ಒಂದು ಸಲಕ್ಕೆ ಒಂದೇ ಕೆಲಸ. ಬದಲಾಯಿಸಲು ವಿಂಡೋಸ್ ಕೀ + ಅಂಕಿ. ಟಾಸ್ಕ್‌ಬಾರಿನಲ್ಲಿ ಎಡದಿಂದ ಮೊದಲನೆಯದು 1, ಎರಡನೆಯದು 2. ನನ್ನಲ್ಲಿ ಬ್ರೌಸರ್ ಯಾವತ್ತೂ 1, ವರ್ಡ್ ಯಾವತ್ತೂ 2, ಮೇಲ್ 3. ಪಿನ್ ಮಾಡಿ, ಅಂದರೆ ಟಾಸ್ಕ್‌ಬಾರಿನಲ್ಲೇ ಕಾಯಂ ಆಗಿ ಕೂರಿಸಿ, ಸರದಿ ಗಟ್ಟಿ ಮಾಡಿಕೊಂಡಿದ್ದೇನೆ. ಆಲ್ಟ್ + ಟ್ಯಾಬ್‌ನಲ್ಲಿ ಸರದಿ ಬದಲಾಗುತ್ತಾ ಇರುತ್ತದೆ. ಇಲ್ಲಿ ಬದಲಾಗಲ್ಲ. ಯೋಚನೆ ಮಾಡದೆ ಬೆರಳೇ ಹೋಗುತ್ತದೆ.

ಅರ್ಧ ಪರದೆ

ಚಿಕ್ಕ ಸ್ಕ್ರೀನಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಒಂದನ್ನು ನೋಡಿ ಇನ್ನೊಂದಕ್ಕೆ ಬರೆಯುವ ಕೆಲಸಕ್ಕೆ ‘ಒಂದು ಸಲಕ್ಕೆ ಒಂದೇ’ ಹೊಂದುವುದಿಲ್ಲ. ಅಲ್ಲಿ ನೋಡುವುದು, ಬರೆಯುವುದು ಎರಡೂ ಸೇರಿ ಒಂದೇ ಕೆಲಸ. ಕಿರಿದಾಯಿತು ಅಂದರೆ ಕಂಟ್ರೋಲ್ ಹಿಡಿದು ಮೌಸ್ ಚಕ್ರ ತಿರುಗಿಸಿ ಅಕ್ಷರ ಸ್ವಲ್ಪ ಚಿಕ್ಕದು ಮಾಡಿಕೊಳ್ಳಬಹುದು. ಎಕ್ಸೆಲ್‌ನಲ್ಲಿ ಮೇಲಿನ ರಿಬ್ಬನ್, ಅಂದರೆ ಬಟನ್‌ಗಳ ಪಟ್ಟಿ, ಮಡಚಿಟ್ಟರೆ ನಾಲ್ಕೈದು ಸಾಲು ಜಾಸ್ತಿ ಸಿಗುತ್ತದೆ. ಕಂಟ್ರೋಲ್ + ಎಫ್1 ಒತ್ತಿದರೆ ಮಡಚುತ್ತದೆ, ಮತ್ತೆ ಒತ್ತಿದರೆ ಬಿಚ್ಚುತ್ತದೆ.

ಹಳೇ ಕೀಬೋರ್ಡ್

ನೀವಿಬ್ಬರೂ ಮಾತಾಡುತ್ತಿರುವ ವಿಷಯ ತುಂಬ ಹಳೆಯದು. 1985ರಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ಒಂದರ ಮೇಲೊಂದು ಕೂರುತ್ತಲೇ ಇರಲಿಲ್ಲ. ಹೆಂಚು ಜೋಡಿಸಿದ ಹಾಗೆ ಪಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದರ ಮೇಲೆ ಒಂದು ಬರುವುದು ಅಲ್ಲಿಗೆ ಬಂದದ್ದು 1987ರ ಎರಡನೇ ಆವೃತ್ತಿಯಲ್ಲಿ. ಹಾಗಂತ ಅದೇನೂ ಅಲ್ಲೇ ಹುಟ್ಟಿದ್ದಲ್ಲ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲೇ ಅದನ್ನು ಮಾಡಿ ನೋಡಿದ್ದರು. ಮೇಜಿನ ಮೇಲೆ ಕಾಗದ ಹರಡಿಕೊಂಡ ಹಾಗೆ ಕಾಣಲಿ ಅನ್ನುವುದು ಅವರ ಆಲೋಚನೆ.

2009ರಲ್ಲಿ ವಿಂಡೋಸ್ 7 ಬಂದಾಗ ಅಂಚಿಗೆ ಎಳೆದರೆ ಅರ್ಧ ಸ್ಕ್ರೀನ್ ತುಂಬುವ ಅನುಕೂಲ ಬಂತು. ನನಗೆ ಅದನ್ನು ಮೊದಲ ಸಲ ನೋಡಿದ್ದು ಚೆನ್ನಾಗಿ ನೆನಪಿದೆ. ಅದುವರೆಗೆ ನಾನು ಪ್ರತಿ ವಿಂಡೋದ ಮೂಲೆ ಹಿಡಿದು ಅಳತೆ ಸರಿ ಮಾಡುತ್ತಾ ಕೂರುತ್ತಿದ್ದೆ.

ಮೊದಲ ಸಾಲು

ಇವತ್ತು ಅಂಕಿ ಬಾಯಲ್ಲಿ ಹೇಳಿಕೊಳ್ಳಲಿಲ್ಲ! ಪುಟ ಎಡಕ್ಕೆ, ಶೀಟ್ ಬಲಕ್ಕೆ. ಮೌಸ್ ಚಕ್ರದ ಉಪಾಯಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಆದರೆ ಹೊಸ ತಪ್ಪು ಶುರುವಾಗಿದೆ. ನಡುವೆ ಚಾಟ್‌ಗೆ ಉತ್ತರ ಕೊಟ್ಟು ಬಂದು ಶೀಟ್ ನೋಡುತ್ತಾ ಅಂಕಿ ಹೊಡೆದೆ. ತಲೆ ಎತ್ತಿದರೆ ಏಳು ಅಂಕಿ ಚಾಟ್‌ನಲ್ಲಿ ಕೂತಿವೆ. ಎಂಟರ್ ಒತ್ತಿದ್ದರಿಂದ ಹೋಗಿಯೂ ಬಿಟ್ಟಿದೆ. ಎರಡೂ ಕಣ್ಣೆದುರು ಇದ್ದಾಗ ಯಾವುದಕ್ಕೆ ಹೋಗುತ್ತಿದೆ ಅಂತ ತಿಳಿಯುವುದು ಹೇಗೆ?

ಗಾಳಿಪಟ

ಇದಕ್ಕೆ ಫೋಕಸ್ ಅಂತಾರೆ. ಎಷ್ಟು ವಿಂಡೋ ಕಂಡರೂ ಕೀಬೋರ್ಡ್ ಒಂದು ಹೊತ್ತಿಗೆ ಒಂದರ ಜೊತೆ ಮಾತ್ರ ಮಾತಾಡುತ್ತದೆ. ಕಣ್ಣು ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಕೊನೆಗೆ ಎಲ್ಲಿ ಕ್ಲಿಕ್ ಮಾಡಿದಿರಿ ಅನ್ನುವುದಷ್ಟೇ ಗೊತ್ತು.

ವಿಂಡೋಸ್ 11ರಲ್ಲಿ ಫೋಕಸ್ ಇರುವ ವಿಂಡೋಗೂ ಇಲ್ಲದ್ದಕ್ಕೂ ವ್ಯತ್ಯಾಸ ತುಂಬ ಮಂಕಾಗಿ ಕಾಣುತ್ತದೆ. ಅದನ್ನು ಎದ್ದು ಕಾಣುವ ಹಾಗೆ ಮಾಡಿ. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಕಲರ್ಸ್. ಕೆಳಗೆ ಹೋದರೆ ಟೈಟಲ್ ಬಾರ್ ಮತ್ತು ವಿಂಡೋ ಅಂಚಿಗೆ ಬಣ್ಣ ತೋರಿಸು ಅನ್ನುವ ಸ್ವಿಚ್ ಇದೆ. ಆನ್ ಮಾಡಿ, ಗಾಢವಾದ ಬಣ್ಣ ಆರಿಸಿ. ನಾನು ಕಡುಕೆಂಪು ಇಟ್ಟಿದ್ದೇನೆ. ಫೋಕಸ್ ಇರುವ ವಿಂಡೋಗೆ ಮಾತ್ರ ಕೆಂಪು ಅಂಚು ಬರುತ್ತದೆ. ಕೆಲವು ಪ್ರೋಗ್ರಾಂಗಳು ಮೇಲ್ಪಟ್ಟಿಯನ್ನು ತಮ್ಮದೇ ಬಣ್ಣದಲ್ಲಿ ಬರೆದುಕೊಳ್ಳುತ್ತವೆ. ಆಗಲೂ ಸುತ್ತಲಿನ ತೆಳು ಗೆರೆ ಸಾಮಾನ್ಯವಾಗಿ ಕಾಣುತ್ತದೆ.

ಜೊತೆಗೆ ಒಂದು ಅಭ್ಯಾಸ. ಪಾಸ್‌ವರ್ಡ್ ಹೊಡೆಯುವ ಮುಂಚೆ ಕರ್ಸರ್ ಆ ಪೆಟ್ಟಿಗೆಯೊಳಗೆ ಮಿನುಗುತ್ತಿದೆಯಾ ಅಂತ ಒಮ್ಮೆ ನೋಡಿ. ನಾವು ಹೊಡೆಯುತ್ತಿರುವಾಗಲೇ ಇನ್ನೊಂದು ವಿಂಡೋ ಎದ್ದು ಮುಂದೆ ಬಂದು ಫೋಕಸ್ ಕಿತ್ತುಕೊಳ್ಳುವುದುಂಟು. ನನ್ನ ಪಾಸ್‌ವರ್ಡ್ ಒಮ್ಮೆ ಹೀಗೇ ಗುಂಪು ಚಾಟ್‌ಗೆ ಹೋಗಿತ್ತು. ಆ ಕ್ಷಣವೇ ಬದಲಾಯಿಸಬೇಕಾಯಿತು. ಅಂಕಿ ಆದರೆ ಅಳಿಸಬಹುದು, ಪಾಸ್‌ವರ್ಡ್ ಹಾಗಲ್ಲ.

ಕಿವಿಯ ಓದು

ಈ ಚರ್ಚೆ ಓದುತ್ತಾ ಬಂದೆ. ನನ್ನ ಅನುಭವ ಸ್ವಲ್ಪ ಬೇರೆ, ಹೇಳಿದರೆ ಉಪಯೋಗ ಆಗಬಹುದು.

ನನಗೆ ದೃಷ್ಟಿ ಇಲ್ಲ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಪ್ರೋಗ್ರಾಂ, ಬಳಸುತ್ತೇನೆ. ಎಡ, ಬಲ, ಅರ್ಧ, ಕಾಲು ಇವೆಲ್ಲ ನನಗೆ ಲೆಕ್ಕಕ್ಕಿಲ್ಲ. ಆಲ್ಟ್ + ಟ್ಯಾಬ್ ಒತ್ತಿದಾಗ ಪ್ರತಿ ವಿಂಡೋದ ಹೆಸರು ಕಿವಿಗೆ ಬೀಳುತ್ತದೆ. ನಾನು ಎಲ್ಲಿದ್ದೇನೆ ಅಂತ ಅನುಮಾನ ಬಂದರೆ ಇನ್ಸರ್ಟ್ + ಟಿ. ಈಗಿರುವ ವಿಂಡೋದ ಹೆಸರು ಹೇಳುತ್ತದೆ. ಫೋಕಸ್ ಎಲ್ಲಿದೆ ಅನ್ನುವುದು ನನಗೆ ಯಾವಾಗಲೂ ಮೊದಲ ಪ್ರಶ್ನೆ. ಕಣ್ಣಿರುವವರಿಗೆ ಎಲ್ಲ ಒಟ್ಟಿಗೆ ಕಾಣುವುದರಿಂದ ಆ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಕಡಿಮೆ ಅನಿಸುತ್ತದೆ.

ಇದರಿಂದ ನಾನು ಕಲಿತದ್ದು ಒಂದಿದೆ. ವಿಂಡೋದ ಹೆಸರು ಬರುವುದು ಹೆಚ್ಚಾಗಿ ಫೈಲಿನ ಹೆಸರಿನಿಂದ. ಅದೂ ಶುರುವಿನಲ್ಲೇ. ಫೈಲಿಗೆ ‘ಹೊಸದು’, ‘ಹೊಸದು 2’, ‘ಕೊನೆಯದು’, ‘ಕೊನೆಯದು ಸರಿ ಮಾಡಿದ್ದು’ ಅಂತ ಹೆಸರಿಟ್ಟರೆ ಆಲ್ಟ್ + ಟ್ಯಾಬ್ ಸಾಲಿನಲ್ಲಿ ಯಾವುದು ಯಾವುದು ಅಂತ ತಿಳಿಯುವುದೇ ಇಲ್ಲ. ಚಿಕ್ಕ ಚಿತ್ರದಲ್ಲಿ ಒಂದು ಶೀಟ್ ಇನ್ನೊಂದು ಶೀಟ್‌ನ ಹಾಗೇ ಕಾಣುತ್ತದೆ ಅಂತ ನನ್ನ ಜೊತೆ ಕೆಲಸ ಮಾಡುವವರೂ ಹೇಳುತ್ತಾರೆ. ಬೇರೆ ಮಾಡಿ ತೋರಿಸುವ ಪದವನ್ನು ಮುಂದಕ್ಕೆ ತನ್ನಿ. ‘ರಿಜಿಸ್ಟರ್ ನಕಲು ಭಾಗ 12’ ಬದಲು ‘12 ರಿಜಿಸ್ಟರ್ ನಕಲು’. ಎರಡಂಕಿ ಕೇಳಿದ ಕೂಡಲೇ ನಾನು ಕೈ ಬಿಡುತ್ತೇನೆ. ಪೂರ್ತಿ ಹೆಸರು ಕೇಳುತ್ತಾ ಕಾಯುವ ಕೆಲಸ ಇಲ್ಲ.

ಅರ್ಧ ಪರದೆ

ಕಿವಿಯ ಓದು, ಇದನ್ನು ಓದಿದ ಮೇಲೆ ನನ್ನ ಫೋಲ್ಡರ್ ತೆರೆದು ನೋಡಿದೆ. ‘ಕರಡು’ ಅಂತ ಶುರುವಾಗುವ ಫೈಲ್ ಇಪ್ಪತ್ತಮೂರು ಇವೆ. ಟಾಸ್ಕ್‌ಬಾರಿನಲ್ಲಿ ಹೆಸರು ಮೊಟಕಾಗಿ ಎಲ್ಲವೂ ಬರೀ ‘ಕರಡು’ ಅಂತಲೇ ಕಾಣುತ್ತಿದ್ದವು. ಇವತ್ತೇ ಬದಲಾಯಿಸುತ್ತೇನೆ.

ಹಸಿರು ಗುಂಡಿ

ಮ್ಯಾಕ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅಂತ ಎರಡು ಮಾತು. ಅಲ್ಲಿ ಬದಲಾವಣೆ ಎರಡು ಮೆಟ್ಟಿಲಲ್ಲಿ ನಡೆಯುತ್ತದೆ. ಕಮಾಂಡ್ + ಟ್ಯಾಬ್ ಒತ್ತಿದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋಗುತ್ತೀರಿ. ಅದೇ ಪ್ರೋಗ್ರಾಂನ ಎರಡು ವಿಂಡೋಗಳ ನಡುವೆ ಓಡಾಡಲು ಕಮಾಂಡ್ ಹಿಡಿದು ಟ್ಯಾಬ್‌ನ ಮೇಲಿರುವ ಕೀ ಒತ್ತಬೇಕು. ಇದು ಗೊತ್ತಿಲ್ಲದೆ ‘ಎರಡನೇ ಫೈಲ್ ಎಲ್ಲಿ’ ಅಂತ ಒದ್ದಾಡುವವರು ಬಹಳ.

ಇನ್ನೊಂದು, ಕೆಂಪು ಗುಂಡಿ ಒತ್ತಿದರೆ ಹೆಚ್ಚಿನ ಪ್ರೋಗ್ರಾಂಗಳಲ್ಲಿ ವಿಂಡೋ ಮುಚ್ಚುತ್ತದೆ, ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸಲು ಕಮಾಂಡ್ + ಕ್ಯೂ. ಹಸಿರು ಗುಂಡಿ ಇಡೀ ಸ್ಕ್ರೀನ್ ತುಂಬಿಸಿ ಬೇರೆಯೇ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಎಲ್ಲ ಒಟ್ಟಿಗೆ ಹರಡಿ ನೋಡಲು ಕಂಟ್ರೋಲ್ + ಮೇಲಿನ ಬಾಣ. ಅಂಚಿಗೆ ಎಳೆದು ಅರ್ಧ ಸ್ಕ್ರೀನ್ ತುಂಬಿಸುವುದು ಮ್ಯಾಕ್‌ಗೆ 2024ರ ಸೆಕೋಯಾ ಆವೃತ್ತಿಯಲ್ಲಿ ಬಂತು.

ಮೊದಲ ಸಾಲು

ತುರ್ತು ಪ್ರಶ್ನೆ. ಇಷ್ಟು ದಿನ ಚೆನ್ನಾಗಿ ನಡೆದಿತ್ತು. ಇವತ್ತು ಸ್ಕ್ಯಾನ್ ಪುಟದ ವಿಂಡೋ ಕಾಣುತ್ತಿಲ್ಲ. ಟಾಸ್ಕ್‌ಬಾರಿನಲ್ಲಿ ಇದೆ. ಅದನ್ನು ಒತ್ತಿದರೆ ಏನೂ ಬರುತ್ತಿಲ್ಲ. ಆಲ್ಟ್ + ಟ್ಯಾಬ್ ಸಾಲಿನಲ್ಲೂ ಅದರ ಚಿಕ್ಕ ಚಿತ್ರ ಇದೆ. ಆರಿಸಿದರೆ ಸ್ಕ್ರೀನ್ ಮೇಲೆ ಬರುತ್ತಿಲ್ಲ. ಹಿಂದೆ ನೋಡಿದೆ, ಕೆಳಗೆ ನೋಡಿದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಲಾ?

ಗಾಳಿಪಟ

ಬೇಡ, ತಡೆಯಿರಿ. ಅದು ಸ್ಕ್ರೀನಿನ ಆಚೆ ಕೂತಿದೆ.

ಆಲ್ಟ್ + ಟ್ಯಾಬ್‌ನಿಂದ ಅದನ್ನು ಆರಿಸಿ. ಕಾಣದಿದ್ದರೂ ಪರವಾಗಿಲ್ಲ, ಫೋಕಸ್ ಅದಕ್ಕೆ ಹೋಗಿರುತ್ತದೆ. ಈಗ ಆಲ್ಟ್ + ಸ್ಪೇಸ್ ಒತ್ತಿ, ಆಮೇಲೆ ಎಂ ಅಕ್ಷರ ಒತ್ತಿ. ಅದು ಮೂವ್ ಅನ್ನುವ ಆಜ್ಞೆ. ಈಗ ಯಾವುದಾದರೂ ಬಾಣದ ಕೀ ಒಮ್ಮೆ ತಟ್ಟಿ. ನಂತರ ಮೌಸ್ ಅಲ್ಲಾಡಿಸಿ. ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತದೆ. ಬೇಕಾದ ಕಡೆ ತಂದು ಕ್ಲಿಕ್ ಮಾಡಿ.

ಮೊದಲ ಸಾಲು

ಮಾಡಿದೆ. ಬರಲಿಲ್ಲ. ಮೌಸ್ ಸುಮ್ನೆ ಓಡಾಡುತ್ತಿದೆ.

ಹಳೇ ಕೀಬೋರ್ಡ್

ಆ ವಿಂಡೋ ಮ್ಯಾಕ್ಸಿಮೈಜ್ ಆಗಿಯೇ ಆಚೆ ಹೋಗಿರಬೇಕು. ಪೂರ್ತಿ ತುಂಬಿರುವ ವಿಂಡೋಗೆ ಮೂವ್ ಕೆಲಸ ಮಾಡಲ್ಲ. ಆಲ್ಟ್ + ಸ್ಪೇಸ್ ಆದ ಮೇಲೆ ಮೊದಲು ಆರ್ ಒತ್ತಿ, ಅದು ಹಳೇ ಅಳತೆಗೆ ಬರುತ್ತದೆ. ಆಮೇಲೆ ಗಾಳಿಪಟ ಹೇಳಿದ್ದನ್ನು ಮಾಡಿ. ಇನ್ನೂ ಸುಲಭ ಬೇಕಾದರೆ, ಅದನ್ನು ಆರಿಸಿಕೊಂಡು ವಿಂಡೋಸ್ + ಶಿಫ್ಟ್ + ಎಡ ಬಾಣ ಒತ್ತಿ ನೋಡಿ. ಇದು ವಿಂಡೋವನ್ನು ಒಂದು ಮಾನಿಟರಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಒಂದು ಕೇಳುತ್ತೇನೆ. ನಿಮ್ಮ ಮೇಜಿನ ಮೇಲೆ ಎರಡನೇ ಮಾನಿಟರ್ ಏನಾದರೂ ಇದೆಯಾ?

ಮೊದಲ ಸಾಲು

ಬಂತು! ವಿಂಡೋಸ್ + ಶಿಫ್ಟ್ + ಎಡ ಬಾಣಕ್ಕೆ ಬಂತು.

ಹೌದು, ಇದೆ. ನಿನ್ನೆ ಸಂಜೆ ಒಬ್ಬರು ಬಂದು ಜೋಡಿಸಿ ಹೋದರು. ನಾನು ಅದನ್ನು ಆನ್ ಮಾಡಿರಲಿಲ್ಲ.

ಹಳೇ ಕೀಬೋರ್ಡ್

ಅಲ್ಲಿಗೆ ಉತ್ತರ ಸಿಕ್ಕಿತು. ಮಾನಿಟರಿನ ಬಟನ್ ಆಫ್ ಇದ್ದರೂ ಕೇಬಲ್ ಚುಚ್ಚಿದ್ದರೆ, ಅಲ್ಲೊಂದು ಸ್ಕ್ರೀನ್ ಇದೆ ಅಂತಲೇ ಕಂಪ್ಯೂಟರ್ ಎಷ್ಟೋ ಸಲ ಅಂದುಕೊಂಡಿರುತ್ತದೆ. ವಿಂಡೋ ಪಕ್ಕಕ್ಕೇ ಹೋಗಿತ್ತು, ಆದರೆ ಪಕ್ಕ ಕತ್ತಲಾಗಿತ್ತು. ಎರಡನೆಯದು ಬೇಡ ಅಂದಾಗ ವಿಂಡೋಸ್ ಕೀ + ಪಿ ಒತ್ತಿ ಮೊದಲ ಸ್ಕ್ರೀನ್ ಮಾತ್ರ ಅಂತ ಆರಿಸಿ. ಆಗ ಎಲ್ಲ ವಾಪಸ್ ಬಂದು ಒಂದೇ ಕಡೆ ಸೇರುತ್ತವೆ. ಬಳಸುವುದಾದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಅಂತ ಎರಡು ಪೆಟ್ಟಿಗೆ ಕಾಣುತ್ತವೆ. ಮೇಜಿನ ಮೇಲೆ ಹೇಗಿವೆಯೋ ಅದೇ ಕ್ರಮಕ್ಕೆ ಅವನ್ನು ಎಳೆದಿಡಿ. ಇಲ್ಲದಿದ್ದರೆ ಮೌಸ್ ಬಲಕ್ಕೆ ಹೋಗಬೇಕಾದಾಗ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ.

ಒಂದೇ ಕಿಟಕಿ

ಇದಕ್ಕೆ ಸೇರಿಸಬೇಕಾದ್ದು ಇನ್ನೊಂದಿದೆ. ವಿಂಡೋ ಕಾಣುತ್ತದೆ, ಆದರೆ ಎಲ್ಲಿ ಒತ್ತಿದರೂ ‘ಟಿಂಗ್’ ಅಂತ ಸದ್ದು ಬರುತ್ತದೆ, ಏನೂ ಆಗುವುದಿಲ್ಲ. ಹ್ಯಾಂಗ್ ಆಯಿತು ಅಂತ ಬಲವಂತವಾಗಿ ಮುಚ್ಚಿಬಿಡುತ್ತಾರೆ, ಮಾಡಿದ ಕೆಲಸ ಹೋಗುತ್ತದೆ. ಎಷ್ಟೋ ಸಲ ಅದು ಹ್ಯಾಂಗ್ ಅಲ್ಲ. ‘ಸೇವ್ ಮಾಡಲಾ?’ ಅಂತ ಕೇಳುವ ಚಿಕ್ಕ ಪೆಟ್ಟಿಗೆ ಎಲ್ಲೋ ಹಿಂದೆ ಅವಿತಿರುತ್ತದೆ. ಅದಕ್ಕೆ ಉತ್ತರ ಕೊಡುವ ತನಕ ದೊಡ್ಡ ವಿಂಡೋ ಯಾವ ಮಾತೂ ಕೇಳಲ್ಲ. ಮುಂದಿರುವ ವಿಂಡೋಗಳನ್ನು ಒಂದೊಂದೇ ಇಳಿಸಿ ನೋಡಿ, ಪಕ್ಕದ ಮಾನಿಟರಿನಲ್ಲೂ ನೋಡಿ, ಸಿಗುತ್ತದೆ.

ಐದು ಮೇಜು

ವರ್ಚುವಲ್ ಡೆಸ್ಕ್‌ಟಾಪ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ವಿಂಡೋಸ್ 10ರಿಂದಲೂ ಇದೆ. ವಿಂಡೋಸ್ + ಕಂಟ್ರೋಲ್ + ಡಿ ಒತ್ತಿದರೆ ಹೊಸ ಖಾಲಿ ಮೇಜು ಸಿಗುತ್ತದೆ. ವಿಂಡೋಸ್ + ಕಂಟ್ರೋಲ್ ಹಿಡಿದು ಎಡ, ಬಲ ಬಾಣ ಒತ್ತಿದರೆ ಒಂದರಿಂದ ಒಂದಕ್ಕೆ. ನಾನು ಮೇಲ್ ಮತ್ತು ಚಾಟ್ ಒಂದರಲ್ಲಿ, ಕೆಲಸ ಇನ್ನೊಂದರಲ್ಲಿ ಇಟ್ಟಿದ್ದೇನೆ. ಕೆಲಸದ ಮೇಜಿನಲ್ಲಿ ಮೇಲ್ ಕಣ್ಣಿಗೇ ಬೀಳಲ್ಲ. ಎಷ್ಟು ನೆಮ್ಮದಿ ಗೊತ್ತಾ.

ಗಾಳಿಪಟ

ನನಗೂ ಇಷ್ಟ. ಆದರೆ ಮೊದಲ ತಿಂಗಳುಗಳಲ್ಲಿ ಬೇಡ ಅಂತಲೇ ಹೇಳುತ್ತೇನೆ. ಒಂದು ಮೇಜಿನಲ್ಲಿ ಇರುವಾಗ ಇನ್ನೊಂದರ ವಿಂಡೋಗಳು ಟಾಸ್ಕ್‌ಬಾರಿನಲ್ಲೂ ಕಾಣಲ್ಲ, ಆಲ್ಟ್ + ಟ್ಯಾಬ್‌ನಲ್ಲೂ ಬರಲ್ಲ, ಸೆಟ್ಟಿಂಗ್ ಬದಲಾಯಿಸದ ಹೊರತು. ವಿಂಡೋ ಕಳೆದುಹೋಯ್ತು ಅಂತ ಗಾಬರಿ ಆಗುವವರಿಗೆ ಇದು ಹುಡುಕಲು ಇನ್ನೊಂದು ಜಾಗ ಸೇರಿಸಿದ ಹಾಗೆ. ಅಕಸ್ಮಾತ್ ಕೈತಪ್ಪಿ ಹೊಸ ಮೇಜಿಗೆ ಹೋಗಿಬಿಟ್ಟರೆ ವಿಂಡೋಸ್ + ಟ್ಯಾಬ್ ಒತ್ತಿ. ಎಲ್ಲ ಮೇಜುಗಳೂ ಕಾಣುತ್ತವೆ. ಒಂದು ಮೇಜು ಮುಚ್ಚಿದರೂ ಅದರ ವಿಂಡೋಗಳು ಸಾಯುವುದಿಲ್ಲ, ಪಕ್ಕದ ಮೇಜಿಗೆ ಹೋಗುತ್ತವೆ. ಅಷ್ಟು ಗೊತ್ತಿದ್ದರೆ ಸಾಕು.

ಐದು ಮೇಜು

ಒಪ್ಪಿದೆ. ನಾನು ಶುರುವಿನಲ್ಲಿ ಅನುಭವಿಸಿದ್ದೂ ಅದೇ ಗಾಬರಿ, ಈಗ ಮರೆತಿದ್ದೆ.

ಹಗುರ ಹೆಜ್ಜೆ

ಲಿನಕ್ಸ್ ಕಡೆಯಿಂದ ಒಂದು ಸಣ್ಣ ಮಾತು. ಅಲ್ಲಿ ಬಳಸುವ ಗ್ನೋಮ್, ಕೆಡಿಇ ಅನ್ನುವ ಎರಡು ಡೆಸ್ಕ್‌ಟಾಪ್‌ಗಳಲ್ಲೂ ಸೂಪರ್ ಕೀ, ಅಂದರೆ ವಿಂಡೋಸ್ ಗುರುತಿನ ಕೀ, ಹಿಡಿದುಕೊಂಡರೆ ವಿಂಡೋದ ಯಾವ ಭಾಗವನ್ನಾದರೂ ಹಿಡಿದು ಎಳೆಯಬಹುದು. ಮೇಲ್ಪಟ್ಟಿಯೇ ಆಗಬೇಕು ಅಂತಿಲ್ಲ. ಮೌಸ್ ಹಿಡಿದಾಗ ಕೈ ನಡುಗುವ ಹಿರಿಯರಿಗೆ ಆ ತೆಳು ಪಟ್ಟಿ ಹಿಡಿಯುವುದು ಎಷ್ಟು ಕಷ್ಟ ಅಂತ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವರು ಹಿಡಿಯುತ್ತಾರೆ, ಜಾರುತ್ತದೆ, ಹಿಂದಿನ ವಿಂಡೋ ಮುಂದೆ ಬರುತ್ತದೆ. ತಪ್ಪು ತಮ್ಮದೇ ಅಂದುಕೊಂಡು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಹಿಡಿಯಲು ಕೊಟ್ಟ ಜಾಗ ಅಷ್ಟು ಚಿಕ್ಕದು. ವಿಂಡೋಸ್‌ನಲ್ಲಿ ಅಂಥವರಿಗೆ ನಾನು ಮೌಸಿನ ಬದಲು ಬಾಣದ ಕೀಗಳನ್ನೇ ಕಲಿಸುತ್ತೇನೆ. ವಿಂಡೋಸ್ ಕೀ + ಎಡ, ಬಲ, ಮೇಲೆ, ಕೆಳಗೆ. ನಾಲ್ಕೇ ದಿಕ್ಕು. ಎರಡು ದಿನದಲ್ಲಿ ಕೈಗೆ ಬರುತ್ತದೆ.

ಮೊದಲ ಸಾಲು

ಮೂರು ವಾರ ಆಯಿತು, ವರದಿ ಕೊಡಬೇಕು ಅನಿಸಿತು.

ಉಳಿದದ್ದು ಇಷ್ಟು: ಆಲ್ಟ್ + ಟ್ಯಾಬ್, ವಿಂಡೋಸ್ ಕೀ ಜೊತೆ ಎಡ ಬಲ ಬಾಣ, ವಿಂಡೋಸ್ + ಶಿಫ್ಟ್ + ಬಾಣ. ಪ್ರಿಂಟ್‌ನಲ್ಲಿದ್ದ ಉಳಿದವನ್ನು ನಾನು ಮುಟ್ಟಿಲ್ಲ. ಕೆಂಪು ಅಂಚು ಹಾಕಿಕೊಂಡ ಮೇಲೆ ಚಾಟ್‌ಗೆ ಅಂಕಿ ಹೋಗಿದ್ದು ಒಂದೇ ಸಲ. ಎರಡನೇ ಮಾನಿಟರಿನಲ್ಲಿ ಮೇಲ್ ಮತ್ತು ಚಾಟ್ ಇಟ್ಟೆ. ಎದುರಿಗೆ ಪುಟ ಮತ್ತು ಶೀಟ್ ಮಾತ್ರ.

ಕಿವಿಯ ಓದು ಅವರಿಗೆ ವಿಶೇಷ ಧನ್ಯವಾದ. ಸ್ಕ್ಯಾನ್ ಫೈಲುಗಳಿಗೆಲ್ಲ ಅಂಕಿ ಮುಂದೆ ಬರುವ ಹಾಗೆ ಹೆಸರಿಟ್ಟೆ. ನನ್ನ ಪಕ್ಕ ಕೂರುವವರು ನೋಡಿ ತಾವೂ ಹಾಗೇ ಮಾಡಿದರು. ಈಗ ಫೈಲ್ ಕೈ ಬದಲಾದರೂ ಇಬ್ಬರಿಗೂ ಗೊಂದಲ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಪುಟ ಮತ್ತು ಶೀಟ್ ಜೋಡಿಸಿದ ಮೇಲೆ ನಡುವೆ ಬ್ರೌಸರ್ ತೆರೆದರೆ ಅದು ಎರಡನ್ನೂ ಮುಚ್ಚುತ್ತದೆ. ವಾಪಸ್ ಬರಲು ಒಂದೊಂದನ್ನೇ ಕರೆಯುತ್ತಿದ್ದೇನೆ. ಎರಡನ್ನೂ ಜೋಡಿಯಾಗಿ ಕರೆಯಲು ಆಗುತ್ತಾ?

ಅರ್ಧ ಪರದೆ

ಆಗುತ್ತೆ, ವಿಂಡೋಸ್ 11 ಆ ಜೋಡಿಯನ್ನು ನೆನಪಿಟ್ಟುಕೊಂಡಿರುತ್ತದೆ. ಟಾಸ್ಕ್‌ಬಾರಿನಲ್ಲಿ ಎಕ್ಸೆಲ್ ಚಿತ್ರದ ಮೇಲೆ ಮೌಸ್ ಸುಮ್ನೆ ಇಡಿ, ಒತ್ತಬೇಡಿ. ಶೀಟ್‌ನ ಚಿಕ್ಕ ಚಿತ್ರದ ಪಕ್ಕದಲ್ಲಿ ಪುಟ, ಶೀಟ್ ಎರಡೂ ಸೇರಿದ ಇನ್ನೊಂದು ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಎರಡೂ ಅದೇ ಅಳತೆಯಲ್ಲಿ ಮುಂದೆ ಬರುತ್ತವೆ. ಆಲ್ಟ್ + ಟ್ಯಾಬ್ ಸಾಲಿನಲ್ಲೂ ಆ ಜೋಡಿ ಚಿತ್ರ ಬರುತ್ತದೆ. ಬರದಿದ್ದರೆ ಮಲ್ಟಿಟಾಸ್ಕಿಂಗ್ ಸೆಟ್ಟಿಂಗ್‌ನಲ್ಲಿ ಸ್ನ್ಯಾಪ್ ಅನ್ನುವ ಸಾಲನ್ನು ಬಿಚ್ಚಿ ನೋಡಿ, ಅಲ್ಲಿ ಟಿಕ್ ತಪ್ಪಿರುತ್ತದೆ.

ಮೊದಲ ಸಾಲು

ಟಿಕ್ ಇತ್ತು. ಚಿತ್ರ ಕಂಡಿತು, ಎರಡೂ ಒಟ್ಟಿಗೆ ಬಂದವು. ಭಾಗ 14 ಶುರು ಮಾಡುತ್ತೇನೆ.